ಸೆರೆಮನೆಯ ಗೋಡೆ ಮತ್ತು ಅಂಟುಜಾಡ್ಯ: ಮದರಾಸಿನ ಕೆಲವು ನಿದರ್ಶನಗಳ ವಿಮರ್ಶೆ

1894ರ ಸೆರೆಮನೆಗಳ ಅಧಿನಿಯಮವನ್ನು ಒಂದು ಕೃತಿಯೆಂದು ಭಾವಿಸಿ ಓದಿದವರು ವಿರಳ. ವಕೀಲರು ಬೇಕೆನಿಸಿದಾಗ ಅದನ್ನು ತೆರೆಯುತ್ತಾರೆ. ಅಧಿಕಾರಿಗಳು ಕೈಪಿಡಿಯ ಮೂಲಕ ಅದನ್ನು ಬಲ್ಲರು. ಬಂದಿಗಳಿಗಂತೂ ಅದರ ಫಲ ಗೊತ್ತೇ ಹೊರತು ಪಾಠ ಗೊತ್ತಿಲ್ಲ. ಆದರೆ ಒಂದು ಬರಹವು ನೂರಿಪ್ಪತ್ತೈದು ವರ್ಷಗಳಿಗೂ ಮೀರಿ ಲಕ್ಷಾಂತರ ಜನರ ಊಟ, ನಿದ್ರೆ, ಕಾಯಿಲೆ, ಸಾವುಗಳಿಗೆ ಕ್ರಮವನ್ನು ವಿಧಿಸುತ್ತ ಬಂದಿರುವಾಗ, ಕಾವ್ಯದ ಪದಪ್ರಯೋಗವನ್ನು ಪರೀಕ್ಷಿಸುವಷ್ಟೇ ಎಚ್ಚರದಿಂದ ಅದರ ಪದಪ್ರಯೋಗವನ್ನೂ ಪರೀಕ್ಷಿಸುವುದು ವಿಮರ್ಶೆಯ ವ್ಯಾಪ್ತಿಗೆ ಹೊರತಾದ ಕೆಲಸವಲ್ಲ. ಕನ್ನಡಿಗರ ಪಾಲಿಗೆ ಅದು ಪರರ ವಿಷಯವೂ ಅಲ್ಲ. ಬಳ್ಳಾರಿಯ ಬಹುಭಾಗ 1953ರವರೆಗೂ, ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲಗಳು 1956ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದುವು. ಬಳ್ಳಾರಿಯ ಅಲ್ಲೀಪುರದ ಸೆರೆಮನೆ, 1943ರಲ್ಲಿ ಕಯ್ಯೂರಿನ ನಾಲ್ವರು ರೈತರು ಗಲ್ಲಿಗೇರಿದ ಕಣ್ಣಾನೂರಿನ ಸೆರೆಮನೆ, ಮದರಾಸಿನ ಪೆನಿಟೆನ್ಷಿಯರಿ ಇವೆಲ್ಲವೂ ಒಂದೇ ಕಾನೂನಿನ, ಒಂದೇ ಆಡಳಿತದ ಅಂಗಗಳಾಗಿದ್ದುವು.

ಅಧಿನಿಯಮದಲ್ಲಿ ಬಂದಿಗಳ ಆರೋಗ್ಯವನ್ನು ಕುರಿತ ಮಾತುಗಳು ಸಂಖ್ಯೆಯಲ್ಲಿ ಕಡಮೆಯೇನಲ್ಲ. ಆ ಕಾಲಕ್ಕೆ ಅವು ಮುಂದುವರಿದ ಮಾತುಗಳೆಂದೂ ಒಪ್ಪಬೇಕು. ಆದರೆ ಅವುಗಳ ವಾಕ್ಯರಚನೆಯಲ್ಲಿ ಒಂದು ಅಭ್ಯಾಸವಿದೆ: ಕೊಟ್ಟ ಅಧಿಕಾರವನ್ನು ಅದೇ ವಾಕ್ಯದಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದು. 13ನೆಯ ಪ್ರಕರಣ ಸೆರೆಮನೆಯ ನೈರ್ಮಲ್ಯದ ಆಡಳಿತವನ್ನು ವೈದ್ಯಾಧಿಕಾರಿಗೆ ಒಪ್ಪಿಸುತ್ತದೆ. ಆದರೆ ಸೂಪರಿಂಟೆಂಡೆಂಟರ ಹತೋಟಿಗೆ ಒಳಪಟ್ಟು ಎಂಬ ಮಾತು ವಾಕ್ಯದ ಮೊದಲಲ್ಲಿಯೇ ಕಾವಲಿಗೆ ನಿಂತಿದೆ. 38ನೆಯ ಪ್ರಕರಣದಂತೆ ವೈದ್ಯನು ಕೊಟ್ಟ ನಿರ್ದೇಶಗಳನ್ನು ಬಂದಿಯ ಹಿಸ್ಟರಿ-ಟಿಕೆಟ್ಟಿನಲ್ಲಿ ದಾಖಲಿಸತಕ್ಕದ್ದು. ಅದರ ಎದುರಿಗೆ ಜೈಲರು ಆ ನಿರ್ದೇಶವು ಪಾಲಿತವಾಯಿತೋ ಇಲ್ಲವೋ ಎಂಬುದನ್ನೂ, ತನಗೆ ತೋಚಿದ ಟಿಪ್ಪಣಿಯನ್ನೂ ಬರೆಯತಕ್ಕದ್ದು. ಪಾಲಿಸದೆ ಇರುವುದು ಇಲ್ಲಿ ಅಪರಾಧವೆಂದು ಹೇಳಿಲ್ಲ, ದಾಖಲಿಸಿದರೆ ಸಾಕು. 39ನೆಯ ಪ್ರಕರಣ ಪ್ರತಿಯೊಂದು ಸೆರೆಮನೆಯಲ್ಲಿಯೂ ಆಸ್ಪತ್ರೆಯಿರಬೇಕೆನ್ನುತ್ತದೆ, ಅಥವಾ ರೋಗಿಗಳನ್ನು ಇಡಲು ತಕ್ಕ ಸ್ಥಳವಿರಬೇಕೆನ್ನುತ್ತದೆ. ಈ 'ಅಥವಾ' ಎಂಬ ಅವ್ಯಯದ ಆಶ್ರಯದಲ್ಲಿ ಎಷ್ಟು ಉಪಕಾರಾಗೃಹಗಳು ಒಂದು ಕೋಣೆ, ಒಂದು ಬೆಂಚು, ಒಂದು ಬೀರುಗಳನ್ನು ಆಸ್ಪತ್ರೆಯೆಂದು ಕರೆದುಕೊಂಡು ಕಾಲಹಾಕಿರಬಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

24ನೆಯ ಪ್ರಕರಣ ಇನ್ನೂ ಸ್ವಾರಸ್ಯವಾದುದು. ಹೊಸದಾಗಿ ಬಂದ ಬಂದಿಯನ್ನು ಮೊದಲು ಝಡತಿ ಮಾಡಿ ಆಯುಧಗಳನ್ನು ತೆಗೆದಿಡಬೇಕು. ಅನಂತರ ಆದಷ್ಟು ಬೇಗ ವೈದ್ಯಪರೀಕ್ಷೆ ನಡೆದು, ಆತನ ಆರೋಗ್ಯದ ಸ್ಥಿತಿ, ಮೈಮೇಲಿನ ಗಾಯ ಗುರುತುಗಳು, ಕಠಿನ ಶಿಕ್ಷೆಯಾಗಿದ್ದರೆ ಯಾವ ದರ್ಜೆಯ ದುಡಿಮೆಗೆ ಯೋಗ್ಯ ಎಂಬ ಸಂಗತಿಗಳು ಪುಸ್ತಕಕ್ಕೆ ಏರಬೇಕು. ಪಕ್ಕದಲ್ಲಿ ಮಲಗುವವನಿಗೆ ಈತನಿಂದ ಏನಾದರೂ ಅಂಟೀತೇ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ. ಕೆಮ್ಮು ದುಡಿಮೆಗೆ ಅಡ್ಡಿಯಾದಾಗ ಮಾತ್ರ ದಾಖಲೆಗೆ ಬರುತ್ತದೆ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು 1882ರಲ್ಲಿ. ಕಾನೂನು ರಚಿತವಾದದ್ದು ಹನ್ನೆರಡು ವರ್ಷಗಳ ಮೇಲೆ. ಆ ಶೋಧವು ಶಾಸನಕಾರರ ಮೇಜನ್ನು ತಲಪಿರಲಿಲ್ಲ ಎನ್ನುವುದಕ್ಕಿಂತ, ತಲಪಿದರೂ ಬಂದಿಯ ವಿಷಯದಲ್ಲಿ ಅದು ಪ್ರಸಕ್ತವೆಂದು ತೋರಲಿಲ್ಲ ಎನ್ನುವುದು ಸತ್ಯಕ್ಕೆ ಹತ್ತಿರವಾದೀತು.

ಇಡೀ ಅಧಿನಿಯಮದಲ್ಲಿ ಬಂದಿಯ ದೇಹವನ್ನು ಕುರಿತು ಅತ್ಯಂತ ವಿವರವಾಗಿ ಮಾತನಾಡುವುದು 15ನೆಯ ಪ್ರಕರಣ. ಅದು ಮರಣದ ದಾಖಲೆಯನ್ನು ಕುರಿತದ್ದು. ಮೃತನು ತನಗೆ ಮೈಸರಿಯಿಲ್ಲವೆಂದು ಮೊದಲು ಹೇಳಿಕೊಂಡ ದಿನ ಯಾವುದು, ಆ ದಿನ ಆತನಿಗೆ ಕೊಟ್ಟಿದ್ದ ದುಡಿಮೆ ಯಾವುದು, ಆ ದಿನದ ಆಹಾರದ ಪ್ರಮಾಣವೆಷ್ಟು, ಆಸ್ಪತ್ರೆಗೆ ಸೇರಿಸಿದ ದಿನ, ವೈದ್ಯಾಧಿಕಾರಿಗೆ ಸುದ್ದಿ ಮುಟ್ಟಿದ ದಿನ, ರೋಗದ ಸ್ವರೂಪ, ಸಾಯುವ ಮುನ್ನ ವೈದ್ಯನು ಆತನನ್ನು ಕಡೆಯದಾಗಿ ನೋಡಿದ್ದು ಯಾವಾಗ, ಸತ್ತದ್ದು ಯಾವಾಗ: ಇಷ್ಟನ್ನೂ ಬರೆಯಬೇಕು. ಸಾಮಾನ್ಯ ಬಂದಿಗೆ ಈ ನಾಡಿನಲ್ಲಿ ದೊರಕಿದ ಜೀವನಚರಿತ್ರೆ ಇದೊಂದೇ. ಹುಟ್ಟಿದ ಊರಿನಿಂದ ಅದು ಮೊದಲಾಗುವುದಿಲ್ಲ, ಮೊದಲ ಕೆಮ್ಮಿನಿಂದ ಮೊದಲಾಗುತ್ತದೆ. ನೈಜ ಗುಣದೋಷ ಪರೀಕ್ಷೆಗೆ ಬೇಕಾದ ಎಲ್ಲ ಪ್ರಶ್ನೆಗಳೂ ಅದರಲ್ಲಿವೆ ಎಂಬುದೇ ಆಶ್ಚರ್ಯ. ಹೇಳಿಕೊಂಡ ದಿನಕ್ಕೂ ವೈದ್ಯನಿಗೆ ತಿಳಿದ ದಿನಕ್ಕೂ ನಡುವಣ ಅಂತರವನ್ನು ಲೆಕ್ಕ ಹಾಕಿದರೆ ಸೆರೆಮನೆಯ ವೈದ್ಯವ್ಯವಸ್ಥೆಯ ಮೌಲ್ಯ ಒಂದು ಅಂಕಿಯಲ್ಲಿ ತಿಳಿದುಬರುತ್ತದೆ. ಬದುಕಿದ್ದಾಗ ಕೇಳಬೇಕಾದ ಪ್ರಶ್ನೆಗಳನ್ನು ಕಾನೂನು ಸತ್ತ ಮೇಲೆ ಕೇಳುತ್ತದೆ.

ಹೆಸರಿದ್ದ ಬಂದಿಗಳ ಕಥೆ ಬೇರೆ. ಮದರಾಸು ಪ್ರಾಂತದ ಸೆರೆಮನೆಗಳ ರೋಗಚರಿತ್ರೆಯೆಂದೊಡನೆ ಮೊದಲು ನೆನಪಾಗುವವರು ಸುಬ್ರಹ್ಮಣ್ಯ ಶಿವ. ವ. ಉ. ಚಿದಂಬರಂ ಪಿಳ್ಳೆಯವರೊಡನೆ 1908ರಲ್ಲಿ ಬಂಧಿತರಾಗಿ, 1912ರಲ್ಲಿ ಬಿಡುಗಡೆಗೊಂಡು ಹೊರಗೆ ಬಂದಾಗ ಅವರ ಮೈಮೇಲೆ ಕುಷ್ಠದ ಗುರುತುಗಳಿದ್ದುವು. ಅನಂತರ ಅವರು ಮದರಾಸಿನಿಂದ 'ಜ್ಞಾನಭಾನು' ಪತ್ರಿಕೆಯನ್ನು ನಡೆಸಿದರು. ಊರೂರು ತಿರುಗಿ ಭಾಷಣ ಮಾಡಿದರು. ರೋಗದ ನೆಪದಿಂದ ರೈಲು ಹತ್ತಲು ತಡೆಯುಂಟಾದಾಗ ಕಾಲ್ನಡಿಗೆಯಲ್ಲಿ, ಗಾಡಿಗಳಲ್ಲಿ ತಿರುಗಿದರೆಂದು ಜೀವನಚರಿತ್ರಕಾರರು ಹೇಳುತ್ತಾರೆ. 1925ರ ಜುಲೈಯಲ್ಲಿ ಅವರು ತೀರಿಕೊಂಡದ್ದು ಧರ್ಮಪುರಿಯ ಪಾಪ್ಪಾರಪಟ್ಟಿಯಲ್ಲಿ, ಎಂದರೆ ಕನ್ನಡದ ಮಾತು ಇಂದಿಗೂ ಕಿವಿಗೆ ಬೀಳುವ ಸೀಮೆಯಲ್ಲಿ.

ಶಿವ ಅವರಿಗೆ ಕುಷ್ಠವನ್ನು ಕೊಟ್ಟದ್ದು ಸೆರೆಮನೆಯೇ ಎಂಬ ಮಾತು ಎಲ್ಲ ಚರಿತ್ರೆಗಳಲ್ಲಿಯೂ ನಿರ್ವಿವಾದವೆಂಬಂತೆ ಬರುತ್ತದೆ. ಈ ಮಾತನ್ನು ಪರಿಶೀಲಿಸದೆ ಮುಂದೆ ಹೋಗುವುದು ಉಚಿತವಲ್ಲ. ಕುಷ್ಠದ ಕ್ರಿಮಿ ಮೈಯನ್ನು ಹೊಕ್ಕು ಲಕ್ಷಣವಾಗಿ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷಗಳು ಬೇಕು. ಕೆಲವರಲ್ಲಿ ವರ್ಷವೊಂದರಲ್ಲಿಯೇ ಕಾಣಬಹುದು, ಕೆಲವರಲ್ಲಿ ಇಪ್ಪತ್ತು ವರ್ಷಗಳೂ ಆಗಬಹುದು. ಶಿವ ಸೆರೆಯಲ್ಲಿದ್ದುದು ಸುಮಾರು ನಾಲ್ಕು ವರ್ಷ. ಆದಕಾರಣ ಸೋಂಕು ಒಳಗೇ ತಗಲಿರಬಹುದು, ಹೊರಗೆ ತಗಲಿದ್ದು ಒಳಗೆ ಪ್ರಕಟವಾಗಿಯೂ ಇರಬಹುದು. ದೊರೆಯುವ ಸಾಕ್ಷ್ಯದಿಂದ ಎರಡರಲ್ಲಿ ಒಂದನ್ನು ಸಿದ್ಧಪಡಿಸಲು ಬರುವಂತಿಲ್ಲ. ಇದನ್ನು ಹೇಳುವುದರಿಂದ ಬ್ರಿಟಿಷ್ ಸರಕಾರದ ಹೊಣೆ ಕಡಮೆಯಾಗುವುದೆಂದು ಕೆಲವರು ಅಂಜಬಹುದು. ವಸ್ತುತಃ ಹೊಣೆ ಹೆಚ್ಚುತ್ತದೆ. ಸೋಂಕು ಎಲ್ಲಿಂದ ಬಂದಿತೆಂಬುದು ದೈವಾಧೀನವೆನ್ನಬಹುದಾದ ಪ್ರಶ್ನೆ. ಅದು ಕಂಡುಬಂದ ಮೇಲೆ ಏನು ಮಾಡಿದರೆಂಬುದು ಪೂರ್ಣವಾಗಿ ಮನುಷ್ಯಾಧೀನವಾದ ಪ್ರಶ್ನೆ. ಚಾಲ್ಮುಗ್ರ ಎಣ್ಣೆಗಿಂತ ಮೇಲಾದ ಔಷಧ ಆ ಕಾಲದಲ್ಲಿ ಇರಲಿಲ್ಲ, ನಿಜ. ಡ್ಯಾಪ್ಸೋನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ, ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ನೆಲೆಗೊಂಡದ್ದು 1980ರ ದಶಕದಲ್ಲಿ. ಆದರೆ ಸೆರೆಯಿಂದ ಬಿಟ್ಟ ಮನುಷ್ಯನನ್ನು ರೋಗದ ಹೆಸರಿನಲ್ಲಿ ಮತ್ತೆ ಮತ್ತೆ ತಡೆಯುವುದಕ್ಕೆ ಔಷಧದ ಅಭಾವ ಕಾರಣವಲ್ಲ. ಬಡ ಕುಷ್ಠರೋಗಿಯನ್ನು ವಾರಂಟಿಲ್ಲದೆ ಹಿಡಿದು ಆಶ್ರಮದಲ್ಲಿ ಕೂಡಿಹಾಕಬಹುದೆಂದ 1898ರ ಕುಷ್ಠರೋಗಿಗಳ ಕಾನೂನು ಕೇಂದ್ರದ ಶಾಸನಗ್ರಂಥದಿಂದ ಅಳಿದುಹೋದದ್ದು 2016ರಲ್ಲಿ. ಚಿಕಿತ್ಸೆ ಸಿದ್ಧಿಸಿದ ಮೇಲೂ ಮೂರು ದಶಕಗಳಷ್ಟು ಕಾಲ ಭಯವು ಕಾನೂನಾಗಿ ಉಳಿದಿತ್ತು.

ಎರಡನೆಯ ಹೆಸರು ಸುಭಾಷಚಂದ್ರ ಬೋಸರದು. 1932ರ ಜನವರಿಯಲ್ಲಿ 1818ರ ಮೂರನೆಯ ರೆಗ್ಯುಲೇಷನ್ನಿನ ಮೇರೆಗೆ ವಿಚಾರಣೆಯಿಲ್ಲದೆ ಬಂಧಿತರಾದ ಅವರು ಸಿವನಿ, ಜಬ್ಬಲಪುರಗಳ ಮೂಲಕ ಮದರಾಸಿನ ಪೆನಿಟೆನ್ಷಿಯರಿಗೆ ಬಂದರು. ಅಲ್ಲಿ ವೈದ್ಯರಿಗೆ ಕ್ಷಯದ ಅನುಮಾನವುಂಟಾಯಿತು. ಅವರನ್ನು ಹಿಮಾಲಯದ ಭೋವಾಲಿಯ ಆರೋಗ್ಯಧಾಮಕ್ಕೆ ಕಳುಹಿಸಿದರು. 1933ರಲ್ಲಿ ಚಿಕಿತ್ಸೆಗಾಗಿ ಯೂರೋಪಿಗೆ ಹೋಗಲು ಬಿಟ್ಟರು. ಸರಕಾರದ ನಡತೆಯಲ್ಲಿ ರಾಜಕಾರಣದ ಲೆಕ್ಕಾಚಾರ ಇದ್ದೇ ಇತ್ತು. ಆದರೂ ರೋಗವನ್ನು ಶಂಕಿಸಿ, ಪರೀಕ್ಷಿಸಿ, ಸ್ಥಳಾಂತರಿಸಿ, ಬಿಡುಗಡೆ ಮಾಡುವ ಕ್ರಮವು ಆ ಆಡಳಿತಕ್ಕೆ ಅಸಾಧ್ಯವಾದುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಕೂವಂ ನದಿಯ ದಡದ ಅದೇ ಕಟ್ಟಡದಲ್ಲಿ ಅದೇ ವರ್ಷ ಕೆಮ್ಮಿದ ಇತರರಿಗೆ ಭೋವಾಲಿ ಇರಲಿಲ್ಲ.

ಸೆರೆಮನೆಯ ಸಾಹಿತ್ಯವೆಂದು ಕನ್ನಡದಲ್ಲಿಯೂ ನೆರೆಯ ಭಾಷೆಗಳಲ್ಲಿಯೂ ಮಾನ್ಯವಾಗಿರುವ ಬರವಣಿಗೆ ಬಹುಮಟ್ಟಿಗೆ ರಾಜಕೀಯ ಬಂದಿಗಳದು. 'ಕೃಷ್ಣ ಜನ್ಮಸ್ಥಾನ'ವೆಂಬ ಪರಿಹಾಸದ ಮಾತಿನಿಂದ ಸೆರೆವಾಸವನ್ನು ಹಗುರವಾಗಿಸಿಕೊಂಡ ಆ ಧೀರರು ಉಪವಾಸ, ಚರಕ, ಗೀತಾಪಾರಾಯಣಗಳನ್ನು ಕುರಿತು ಬರೆದಷ್ಟು ಪಕ್ಕದ ಬ್ಯಾರಕ್ಕಿನ ಕಜ್ಜಿ, ಆಮಶಂಕೆಗಳನ್ನು ಕುರಿತು ಬರೆಯಲಿಲ್ಲ. ಅವರಿಗೆ ಕೊಟ್ಟಿದ್ದ ದರ್ಜೆಯೇ ಅವರನ್ನು ಆ ಬ್ಯಾರಕ್ಕಿನಿಂದ ದೂರವಿರಿಸಿತ್ತು. ನಿರಂಜನರ 'ಚಿರಸ್ಮರಣೆ'ಯಂಥ ಕಾದಂಬರಿಯಲ್ಲಿ ಸಹ ಸೆರೆಮನೆಯು ಬಲಿದಾನದ ವೇದಿಕೆ. ಕಾದಂಬರಿಯ ಉದ್ದೇಶಕ್ಕೆ ಅದು ಸರಿಯೇ. ಮದರಾಸಿನ ಕನ್ನಡಿಗರಿಗೆ ನಾಟಕರಂಗದ ಮೂಲಕ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿಯವರು, 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಪ್ಲೇಗಿನ ಅಗ್ರಹಾರದಲ್ಲಿ ನಡೆದಾಡಿದವರು, 1976ರಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದು 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಆಸ್ತಮಾ ಅಂಟುಜಾಡ್ಯವಲ್ಲ. ಪ್ರಕೃತ ವಿಷಯಕ್ಕೆ ಅದು ನೇರವಾಗಿ ಸೇರುವುದೂ ಇಲ್ಲ. ಆದರೆ ಅವರು ಬಿಟ್ಟುಹೋದ ಸೆರೆಮನೆಯ ದಿನಚರಿ, ಉಸಿರಾಟವೆಂಬುದು ಕೂಡ ಅನುಮತಿಯ ವಿಷಯವಾಗುವ ಸ್ಥಳದಿಂದ ಬಂದ ಬರಹವೆಂದು ಇಲ್ಲಿ ನೆನೆಯತಕ್ಕದ್ದು.

ಗೋಡೆಯು ಮನುಷ್ಯನನ್ನು ತಡೆಯಬಲ್ಲದು, ರೋಗವನ್ನಲ್ಲ ಎಂಬುದು ಹಳೆಯ ಅರಿವು. 1577ರಲ್ಲಿ ಆಕ್ಸ್‌ಫರ್ಡಿನ ನ್ಯಾಯಸ್ಥಾನದಲ್ಲಿ ಬಂದಿಗಳಿಂದ ಹಬ್ಬಿದ 'ಸೆರೆಮನೆಯ ಜ್ವರ' ನ್ಯಾಯಾಧೀಶರನ್ನೂ ಪಂಚರನ್ನೂ ಬಲಿ ತೆಗೆದುಕೊಂಡಿತು. ಹೇನಿನಿಂದ ಹರಡುವ ಟೈಫಸ್ ಅದು ಎಂದು ಈಚಿನವರ ಅಭಿಪ್ರಾಯ. ಇಂಗ್ಲೆಂಡಿನ ಸೆರೆಮನೆಗಳ ಸುಧಾರಣೆಗೆ 1777ರಲ್ಲಿ ಗ್ರಂಥ ಬರೆದ ಜಾನ್ ಹೋವರ್ಡನ ವಾದಕ್ಕೆ ಬಲ ಬಂದದ್ದು ಬಂದಿಗಳ ಮೇಲಣ ಕರುಣೆಯಿಂದ ಎಷ್ಟೋ, ನ್ಯಾಯಾಧೀಶರ ಪ್ರಾಣಭಯದಿಂದಲೂ ಅಷ್ಟೇ.

ಇಂಡಿಯದಲ್ಲಿ ಸೆರೆಮನೆಗೆ ಇನ್ನೊಂದು ಉಪಯೋಗ ದೊರೆಯಿತು. 1897ರ ಜನವರಿಯಲ್ಲಿ ಮುಂಬಯಿಯ ಬೈಕಲ್ಲಾ ಸೆರೆಮನೆಯೊಳಗೆ ಪ್ಲೇಗು ಹೊಕ್ಕಾಗ, ಹಾಫ್‌ಕಿನ್ ತಾನು ಸಿದ್ಧಪಡಿಸಿದ್ದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಸಿಕೊಂಡು, ಬಳಿಕ ಮುಂದೆ ಬಂದ ಬಂದಿಗಳಿಗೆ ಕೊಟ್ಟನು. ಲಸಿಕೆ ಪಡೆದವರಲ್ಲಿ ಇಬ್ಬರಿಗೆ ರೋಗ ಬಂದಿತು, ಯಾರೂ ಸಾಯಲಿಲ್ಲ. ಪಡೆಯದವರಲ್ಲಿ ಹನ್ನೆರಡು ಜನಕ್ಕೆ ಬಂದು ಆರು ಜನ ಸತ್ತರು. ಒಂದೇ ಊಟ, ಒಂದೇ ಸೂರು, ಒಂದೇ ಗಾಳಿಯಿರುವ ಎರಡು ಗುಂಪುಗಳು ಹೊರಗೆಲ್ಲಿಯೂ ದೊರೆಯುವಂತಿರಲಿಲ್ಲ. ಆ ಪ್ರಯೋಗದಿಂದ ಬಂದಿಗಳಿಗೂ ಉಪಕಾರವಾಯಿತು. ತನ್ನ ತೋಳನ್ನು ಮೊದಲು ಒಡ್ಡಿದವನ ಪ್ರಾಮಾಣಿಕತೆಯನ್ನು ಪ್ರಶ್ನಿಸುವಂತಿಲ್ಲ. ಹೀಗಿದ್ದರೂ ಬಾಗಿಲಿಗೆ ಬೀಗವಿರುವ ಕಡೆ 'ಸ್ವಇಚ್ಛೆ' ಎಂಬ ಪದಕ್ಕೆ ಎಷ್ಟು ಅರ್ಥ ಉಳಿಯುತ್ತದೆಂಬ ಪ್ರಶ್ನೆ ಅಂದೇ ಹುಟ್ಟಿತು.

ಅದೇ ಪ್ರಶ್ನೆ ಸುಮಾರು ತೊಂಬತ್ತು ವರ್ಷಗಳ ಮೇಲೆ ಮದರಾಸಿನಲ್ಲಿ ಇನ್ನೂ ತೀಕ್ಷ್ಣವಾಗಿ ತಲೆಯೆತ್ತಿತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವ್ಯಾಸಂಗ ಮಾಡುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಎಂಬವರು ಏಡ್ಸ್ ರೋಗದ ವೈರಾಣು ಈ ದೇಶಕ್ಕೆ ಬಂದಿದೆಯೇ ಎಂಬುದನ್ನು ಶೋಧಿಸಲು ಹೊರಟರು. ವೇಶ್ಯಾವೃತ್ತಿಯ ಸ್ತ್ರೀಯರು ನೆಲೆಯಾಗಿ ಒಂದು ಕಡೆ ಸಿಗುವ ಊರು ಮದರಾಸಲ್ಲ. ಅವರು ಸಿಕ್ಕಿದ್ದು ಪೊಲೀಸರು ಹಿಡಿದುತಂದು ಇರಿಸುತ್ತಿದ್ದ ಸರಕಾರದ ವಿಜಿಲೆನ್ಸ್ ಹೋಮಿನಲ್ಲಿ. ಅಲ್ಲಿ ತೆಗೆದ ರಕ್ತದ ಮಾದರಿಗಳನ್ನು 1986ರ ಮೊದಲ ತಿಂಗಳುಗಳಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಆರರಲ್ಲಿ ಸೋಂಕು ಕಂಡಿತು. ಆರೋಗ್ಯಮಂತ್ರಿ ಎಚ್. ವಿ. ಹಂಡೆಯವರು ಅದನ್ನು ಶಾಸನಸಭೆಯಲ್ಲಿ ಪ್ರಕಟಪಡಿಸಿದರು. ಇಂಡಿಯದ ಏಡ್ಸ್ ನಿವಾರಣೆಯ ಸಮಸ್ತ ಕಾರ್ಯಕ್ಕೂ ಮೂಲವಾದ ಶೋಧ ಅದು. ಕೈಗವಸೂ ಇಲ್ಲದೆ, ಪರೀಕ್ಷೆಗೆ ಹೋಗುವವರೆಗೆ ಮಾದರಿಗಳನ್ನು ತಮ್ಮ ಮನೆಯ ಶೀತಪೆಟ್ಟಿಗೆಯಲ್ಲಿಟ್ಟು ಆ ಕೆಲಸವನ್ನು ನಡೆಸಿದ ತರುಣ ವಿದ್ಯಾರ್ಥಿನಿಯ ಸಾಹಸಕ್ಕೆ ದೇಶವು ತಡವಾಗಿಯಾದರೂ ಮನ್ನಣೆ ಕೊಟ್ಟಿದೆ, ಕೊಡಬೇಕಾದದ್ದೇ.

ಆದರೆ ರಕ್ತವನ್ನು ಕೊಟ್ಟವರ ಗತಿಯೇನಾಯಿತು? ಯಾವ ರೋಗಕ್ಕಾಗಿ ಪರೀಕ್ಷೆ ನಡೆಯುತ್ತಿದೆಯೆಂಬುದನ್ನು ಅವರಿಗೆ ತಿಳಿಸಿರಲಿಲ್ಲವೆಂದು ನಿರ್ಮಲಾ ಅವರೇ ಮುಂದೆ ಮರೆಮಾಚದೆ ಹೇಳಿದ್ದಾರೆ. ಆ ಕಾಲದ ವೈದ್ಯಸಂಶೋಧನೆಯಲ್ಲಿ ಅದು ಅಪರೂಪವೂ ಅಲ್ಲ. ದೋಷವಿರುವುದು ಅನಂತರದ ನಡತೆಯಲ್ಲಿ. ಸೋಂಕು ಕಂಡುಬಂದ ಸ್ತ್ರೀಯರನ್ನು ಅವಧಿ ಮುಗಿದ ಮೇಲೂ ಹೊರಗೆ ಬಿಡದೆ ಇರಿಸಿಕೊಳ್ಳುವ ಪದ್ಧತಿ ಬಂದಿತು. 1990ರಲ್ಲಿ ಪತ್ರಕರ್ತೆ ಶ್ಯಾಮಲಾ ನಟರಾಜ್ ಮದರಾಸಿನ ಉಚ್ಚ ನ್ಯಾಯಾಲಯದ ಮೊರೆಹೊಕ್ಕ ಮೇಲೆಯೇ ಅಂಥವರಿಗೆ ಬಿಡುಗಡೆ ದೊರೆತದ್ದು. ಇಲ್ಲಿ ಸೆರೆಗೆ ಕಾರಣವಾದದ್ದು ಅಪರಾಧವಲ್ಲ, ರೋಗ. ಆ ರೋಗಕ್ಕೆ ಅಂದು ಚಿಕಿತ್ಸೆಯಿಲ್ಲದಿದ್ದುದರಿಂದ ಅವಧಿಯೂ ಇಲ್ಲ. ಗಂಡಸರು ಸ್ವತಂತ್ರರಾಗಿ ತಿರುಗಾಡಿಕೊಂಡಿರುವಾಗ ಕೆಲವು ಹೆಂಗಸರನ್ನು ಕೂಡಿಹಾಕುವುದರಿಂದ ಹರಡುವಿಕೆ ನಿಲ್ಲುವುದೆಂಬ ತರ್ಕವನ್ನು ತರ್ಕವೆಂದು ಕರೆಯುವುದೇ ಕಷ್ಟ. ಗೋವೆಯಲ್ಲಿ 1989ರಲ್ಲಿ ರಕ್ತದಾನ ಮಾಡಿದ ತಪ್ಪಿಗೆಂಬಂತೆ ಡೊಮಿನಿಕ್ ಡಿಸೋಜರನ್ನು 64 ದಿನ ಪ್ರತ್ಯೇಕವಾಗಿ ಕೂಡಿಹಾಕಿದ್ದೂ ಇದೇ ಮನೋಧರ್ಮದ ಫಲ. ಡಿಸೋಜರ ಬದುಕು ಪುಸ್ತಕವಾಗಿ, ಚಲನಚಿತ್ರಕ್ಕೆ ಸ್ಫೂರ್ತಿಯಾಗಿ ಉಳಿದಿದೆ. ವಿಜಿಲೆನ್ಸ್ ಹೋಮಿನ ಆರು ಜನರ ಹೆಸರು ಯಾರಿಗೂ ತಿಳಿಯದಿರುವುದು ಅವರ ಮಾನರಕ್ಷಣೆಯ ದೃಷ್ಟಿಯಿಂದ ಒಳ್ಳೆಯದೇ. ಅವರ ಮಾತು ಕೂಡ ಎಲ್ಲಿಯೂ ಉಳಿಯದೆ ಹೋದದ್ದು ಮಾತ್ರ ಒಳ್ಳೆಯದಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾನೂನು, ಸರಕಾರದ ವಶದಲ್ಲಿರುವ ಪ್ರತಿಯೊಬ್ಬರಿಗೂ ಸೋಂಕಿನ ನಿವಾರಣೆ, ಸಲಹೆ, ಪರೀಕ್ಷೆ, ಚಿಕಿತ್ಸೆಗಳಿಗೆ ಹಕ್ಕುಂಟೆಂದು ಸಾರಿತು. ರಕ್ತವನ್ನು ಪಡೆದ ಮೂವತ್ತೊಂದು ವರ್ಷಗಳ ಮೇಲೆ ಬಂದ ಪ್ರತಿಫಲವೆಂದು ಇದನ್ನು ಎಣಿಸಬಹುದು.

ಇಷ್ಟರಲ್ಲಿ ಅದೇ ಮದರಾಸು ನಗರ ಇದಕ್ಕೆ ತದ್ವಿರುದ್ಧವಾದ ಪಾಠವನ್ನು ಜಗತ್ತಿಗೆ ಕಲಿಸಿಯಾಗಿತ್ತು. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಗಳು ಕೂಡಿ ಕ್ಷಯದ ಔಷಧಚಿಕಿತ್ಸೆಯ ಕೇಂದ್ರವನ್ನು ಇಲ್ಲಿ ಸ್ಥಾಪಿಸಿದವು. ವ್ಯಾಲೆಸ್ ಫಾಕ್ಸ್ ಮತ್ತವರ ಸಹೋದ್ಯೋಗಿಗಳು ನಗರದ ಬಡ ರೋಗಿಗಳಲ್ಲಿ 193 ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಆರೋಗ್ಯಧಾಮದಲ್ಲಿ, ಇನ್ನೊಂದಕ್ಕೆ ಮನೆಯಲ್ಲಿಯೇ ಒಂದು ವರ್ಷ ಐಸೋನಯಜಿಡ್ ಮತ್ತು ಪಿಎಎಸ್ ಎಂಬ ಒಂದೇ ಔಷಧಕ್ರಮವನ್ನು ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಕ್ಕಟ್ಟಾದ ಮನೆಗಳಲ್ಲಿ, ಕಡಮೆ ಊಟದಲ್ಲಿ, ದುಡಿಮೆಯನ್ನೂ ಬಿಡದೆ ಚಿಕಿತ್ಸೆ ಪಡೆದವರು ಒಳ್ಳೆಯ ಗಾಳಿ, ಹಾಸಿಗೆ, ಊಟಗಳ ನಡುವೆ ಇದ್ದವರಿಗೆ ಹೆಚ್ಚುಕಡಮೆ ಸಮನಾಗಿಯೇ ಗುಣ ಹೊಂದಿದರು. ಅವರ ಮನೆಯವರಿಗೆ ರೋಗ ಅಂಟಿದ್ದೂ ಹೆಚ್ಚೇನಲ್ಲ. ಆರೋಗ್ಯಧಾಮಗಳ ಯುಗವೇ ಅಲ್ಲಿಗೆ ಮುಗಿಯಿತೆನ್ನಬಹುದು. ರೋಗಿಯನ್ನು ಬೇರೆ ಮಾಡುವುದು ರಕ್ಷಣೆಯಲ್ಲ, ಔಷಧ ಮೊದಲಾಗುವುದೇ ರಕ್ಷಣೆ ಎಂಬ ಅಂಶ ಚೇಟ್‌ಪಟ್ಟಿನ ಆ ಕೇಂದ್ರದಿಂದ ಹೊರಟು ಪ್ರಪಂಚದಾದ್ಯಂತ ನಿಯಮವಾಯಿತು. ಇದೇ ಊರಿನ ಆಡಳಿತವು ಮೂವತ್ತು ವರ್ಷಗಳ ಮೇಲೆ ಇನ್ನೊಂದು ಸೋಂಕನ್ನು ಗೋಡೆಯಿಂದ ತಡೆಯಲು ಹೊರಟಿತೆಂಬುದನ್ನು ನೆನೆದರೆ, ಒಂದು ಇಲಾಖೆಯ ಅರಿವು ಇನ್ನೊಂದು ಇಲಾಖೆಯ ಹೊಸ್ತಿಲು ದಾಟಲು ಎಷ್ಟು ಕಾಲ ಬೇಕೆಂಬುದು ತಿಳಿಯುತ್ತದೆ.

ಆದರೆ ಮದರಾಸಿನ ಆ ಅಧ್ಯಯನವನ್ನು ಸೆರೆಮನೆಗೆ ಹಾಗೆಯೇ ಅನ್ವಯಿಸುವುದು ಅವಿಚಾರವಾದೀತು. ಮನೆಯ ಚಿಕಿತ್ಸೆ ಫಲಿಸಿದ್ದು ರೋಗವನ್ನು ಬೇಗ ಗುರುತಿಸಿದ್ದರಿಂದ, ಔಷಧವು ತಪ್ಪದೆ ಹೊಟ್ಟೆಗೆ ಸೇರುವಂತೆ ಕಾರ್ಯಕರ್ತರು ಮನೆಮನೆಗೆ ಹೋಗಿ ನೋಡಿಕೊಂಡದ್ದರಿಂದ. ಸೆರೆಮನೆಯಲ್ಲಿ ಕಾವಲಿಗೆ ಕೊರತೆಯಿಲ್ಲ. ಮಾತ್ರೆ ನುಂಗಿದನೋ ಇಲ್ಲವೋ ಎಂದು ನೋಡಲು ಅಷ್ಟು ಅನುಕೂಲವಾದ ಸ್ಥಳ ಇನ್ನೊಂದಿಲ್ಲ. ಹೀಗಿರಲು ಕ್ಷಯವು ಸೆರೆಮನೆಗಳಲ್ಲಿ ಹೊರಗಿನದಕ್ಕಿಂತ ಹಲವು ಪಟ್ಟು ಹೆಚ್ಚೆಂದು ಲೋಕದೆಲ್ಲೆಡೆ ಏಕೆ ಕಂಡುಬರುತ್ತದೆ? ಕೆಮ್ಮಿನ ಹನಿಗಳ ಮೂಲಕ ಗಾಳಿಗೆ ಸೇರುವ ಕ್ರಿಮಿಯು ಬಿಸಿಲೂ ಬೀಸುಗಾಳಿಯೂ ಇದ್ದಲ್ಲಿ ನಿಲ್ಲದು. ಸಂಜೆ ಬೀಗ ಬಿದ್ದು ಬೆಳಗ್ಗೆ ತೆರೆಯುವ ಬ್ಯಾರಕ್ಕಿನಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲದು. ಹೊರಗೆ ಬಡತನದಿಂದ ಸೋಂಕಿದವರೇ ಒಳಕ್ಕೂ ಬರುತ್ತಾರೆ. ಕೆಮ್ಮನ್ನು ಹೇಳಿಕೊಂಡರೆ ಬೇರೆ ಇರಿಸುವರೆಂಬ ಅಂಜಿಕೆಯಿಂದ ಮುಚ್ಚಿಡುವವರಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಕಾರಣವೆಂದರೆ, ಸೆರೆಮನೆಯು ಹೊರಗಿನವರು ಭಾವಿಸುವಂತೆ ನಿಂತ ನೀರಲ್ಲ, ಹರಿಯುವ ನೀರು. 2022ರ ರಾಷ್ಟ್ರೀಯ ಅಂಕಿಅಂಶಗಳಂತೆ ದೇಶದ ಸೆರೆಮನೆಗಳಲ್ಲಿ ನೂರು ಜನರ ಜಾಗದಲ್ಲಿ 131 ಜನರಿದ್ದರು; ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ಇಂದು ಜಾಮೀನು, ನಾಳೆ ವಾಯಿದೆ, ನಾಡಿದ್ದು ಬೇರೆ ಜಿಲ್ಲೆಗೆ ವರ್ಗ. ಕ್ಷಯದ ಚಿಕಿತ್ಸೆಗೆ ಆರು ತಿಂಗಳು ಬೇಕು. ಜಾಮೀನಿನ ಆಜ್ಞೆ ಆರು ತಿಂಗಳನ್ನು ಕೇಳಿ ಬರುವುದಿಲ್ಲ. ನಡುವೆ ಬಿಟ್ಟ ಚಿಕಿತ್ಸೆಯಿಂದ ಕ್ರಿಮಿಯು ಔಷಧಕ್ಕೆ ಬಗ್ಗದಂತಾಗುತ್ತದೆ; ಆ ಕ್ರಿಮಿಯನ್ನು ಹೊತ್ತು ಆತನು ವ್ಯಾಸರ್ಪಾಡಿಗೋ ರಾಯಪುರಕ್ಕೋ ತನ್ನ ಮನೆಗೆ ಹಿಂದಿರುಗುತ್ತಾನೆ.

ಈ ಹರಿವನ್ನು ಅಧಿನಿಯಮವು ಅರಿಯದೆ ಇರಲಿಲ್ಲ. ಅದರ 7ನೆಯ ಪ್ರಕರಣ, ಸೆರೆಮನೆಯಲ್ಲಿ ಜನ ಅತಿಯಾದಾಗ ಅಥವಾ ಸಾಂಕ್ರಾಮಿಕ ರೋಗ ತಲೆದೋರಿದಾಗ ಹೆಚ್ಚಿನ ಬಂದಿಗಳನ್ನು ತಾತ್ಕಾಲಿಕ ಸೆರೆಮನೆಗಳಲ್ಲಿ ಇರಿಸಬೇಕೆಂದು ವಿಧಿಸುತ್ತದೆ. ರೋಗ ಬಂದರೆ ಇನ್ನೊಂದು ಗೋಡೆ ಕಟ್ಟು ಎಂಬುದು ಅದರ ತಾತ್ಪರ್ಯ. 2020ರಲ್ಲಿ ಕೋವಿಡ್ ಬಂದಾಗ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು, ಮಾರ್ಚ್ 23ರಂದು ಪ್ರತಿಯೊಂದು ರಾಜ್ಯವೂ ಉನ್ನತಾಧಿಕಾರ ಸಮಿತಿಯನ್ನು ರಚಿಸಿ, ಯಾವ ವರ್ಗದ ಬಂದಿಗಳನ್ನು ಜಾಮೀನು ಅಥವಾ ಪೆರೋಲಿನ ಮೇಲೆ ಬಿಡಬಹುದೆಂದು ನಿರ್ಧರಿಸಬೇಕೆಂದು ಆಜ್ಞಾಪಿಸಿತು. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳನ್ನು ಅದಕ್ಕೆ ನಿದರ್ಶನವಾಗಿ ಸೂಚಿಸಿತು. ತಮಿಳುನಾಡಿನಲ್ಲಿಯೂ ವಿಚಾರಣಾಧೀನರು ಹೀಗೆ ಹೊರಬಂದರು. 1894ರ ಉತ್ತರವು ಗೋಡೆ, 2020ರ ಉತ್ತರವು ಬಾಗಿಲು. ಆದರೆ ಒಂದು ಪ್ರಶ್ನೆಯನ್ನು ಕೇಳದಿರಲಾಗದು. ಸಮಾಜಕ್ಕೆ ಅಪಾಯವಿಲ್ಲದೆ ಅಷ್ಟು ಜನರನ್ನು ಬಿಡಲು ಬರುವುದಾದರೆ, ರೋಗ ಬರುವ ಮುನ್ನ ಅವರು ಒಳಗಿದ್ದುದು ಯಾವ ಅಗತ್ಯದಿಂದ? ಸಮಿತಿಗಳು ತಾತ್ಕಾಲಿಕವಾದುವು, ಬಿಟ್ಟವರಲ್ಲಿ ಅನೇಕರು ಮರಳಿ ಶರಣಾಗಬೇಕಾಯಿತು. ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು.

ಕನ್ನಡನಾಡಿನ ಒಂದು ಸೆರೆಮನೆಯಿಂದ ಹುಟ್ಟಿದ ತೀರ್ಪೊಂದು ಈ ಚರ್ಚೆಯಲ್ಲಿ ಮುಖ್ಯವಾದುದು. ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬರು ಮುಖ್ಯ ನ್ಯಾಯಾಧೀಶರಿಗೆ ಬರೆದ ಪತ್ರವೇ ಅರ್ಜಿಯಾಗಿ, ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಅವುಗಳಲ್ಲಿ ಒಂದು ಆರೋಗ್ಯ ಮತ್ತು ನೈರ್ಮಲ್ಯದ ಉಪೇಕ್ಷೆ. ಹೊರಗಿನವರಿಗೆ ದೊರೆಯುವ ವೈದ್ಯಸಹಾಯ ಬಂದಿಗೆ ಇಲ್ಲ, ಹೊರಗಿನವರಿಗಿಲ್ಲದ ರೋಗಭಯ ಬಂದಿಗೆ ಉಂಟು. ಆದುದರಿಂದ ಆತನದು ಇಮ್ಮಡಿ ಕಷ್ಟವೆಂದು ತೀರ್ಪು ಹೇಳುತ್ತದೆ. ನಿರೂಪಣೆ ಸ್ಪಷ್ಟವಾಗಿದೆ, ಸಹಾನುಭೂತಿಯೂ ನಿಜವಾದುದು. ಕೊರತೆಯಿರುವುದು ಜೋಡಣೆಯಲ್ಲಿ. ಇಕ್ಕಟ್ಟು, ವಿಚಾರಣೆಯ ವಿಳಂಬ, ಅನಾರೋಗ್ಯ, ಕೊರೆಯಾದ ಆಹಾರ ಎಂಬುವು ಅಲ್ಲಿ ಬೇರೆ ಬೇರೆ ಅಂಕಗಳಡಿಯಲ್ಲಿ ಬರುತ್ತವೆ. ಕ್ಷಯದ ಕ್ರಿಮಿ ಇವನ್ನು ಬೇರೆಬೇರೆಯಾಗಿ ಎಣಿಸುವುದಿಲ್ಲ. ಅದಕ್ಕೆ ವಿಚಾರಣೆಯ ವಿಳಂಬವೇ ಇಕ್ಕಟ್ಟು, ಇಕ್ಕಟ್ಟೇ ಕೆಟ್ಟ ಗಾಳಿ, ಅರೆಹೊಟ್ಟೆಯೇ ತೆರೆದ ಬಾಗಿಲು. ನ್ಯಾಯಾಲಯದ ವಾಯಿದೆಯನ್ನು ರೋಗದ ಕಾರಣಗಳ ಪಟ್ಟಿಗೆ ಸೇರಿಸುವ ಧೈರ್ಯ ತೀರ್ಪಿಗೆ ಬಂದಿದ್ದರೆ ಅದರ ಬೆಲೆ ಇನ್ನೂ ಹೆಚ್ಚುತ್ತಿತ್ತು.

ನೈರ್ಮಲ್ಯವೆಂಬ ಪದದ ಹಿಂದೆ ಅಡಗಿದ್ದ ಇನ್ನೊಂದು ಸಂಗತಿ ಹೊರಬೀಳಲು 2024ರ ಅಕ್ಟೋಬರಿನವರೆಗೆ ಕಾಯಬೇಕಾಯಿತು. ಕಕ್ಕಸು ತೊಳೆಯುವ ಕೆಲಸವನ್ನು ಜಾತಿಯನ್ನು ನೋಡಿ ಹಂಚುವ ಸೆರೆಮನೆ ಕೈಪಿಡಿಗಳ ನಿಯಮಗಳನ್ನು ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ಆಗ ರದ್ದುಗೊಳಿಸಿತು. ಸೆರೆಮನೆಯನ್ನು ಅಂಟುಜಾಡ್ಯದಿಂದ ಕಾಪಾಡುವ ಭಾರವನ್ನು ಯಾರ ಬರಿಗೈಗೆ ಒಪ್ಪಿಸಲಾಗಿತ್ತೆಂಬುದು ವರದಿಗಳ ನೈರ್ಮಲ್ಯದ ಅಧ್ಯಾಯಗಳಲ್ಲಿ ಕಾಣದ ವಿಷಯ.

1837ರಲ್ಲಿ ಕಟ್ಟಿದ ಮದರಾಸಿನ ಕೇಂದ್ರ ಕಾರಾಗೃಹ 2006ರಲ್ಲಿ ಬರಿದಾಯಿತು. ಬಂದಿಗಳು ಸೆಂಗುಂಡ್ರಂ ಕೆರೆಯ ಬಳಿಯ ಪುಳಲಿನ ವಿಶಾಲವಾದ ಹೊಸ ಆವರಣಕ್ಕೆ ಹೋದರು. ಶಿಕ್ಷಿತರು, ವಿಚಾರಣಾಧೀನರು, ಸ್ತ್ರೀಯರು ಅಲ್ಲಿ ಬೇರೆ ಬೇರೆ. ಹಳೆಯ ಕಟ್ಟಡವನ್ನು 2009ರಲ್ಲಿ ಕೆಡವಿ, ಆ ನೆಲದಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಹೊಸ ಕಟ್ಟಡವನ್ನು ಎಬ್ಬಿಸಿದರು. ಬೋಸರಲ್ಲಿ ಕ್ಷಯವನ್ನು ಶಂಕಿಸಿದ ನೆಲದಲ್ಲಿ ಈಗ ಕ್ಷಯದ ಪಾಠ ನಡೆಯುತ್ತದೆ. ಪುಳಲಿನಲ್ಲಿ ಆಸ್ಪತ್ರೆಯುಂಟು, ಕ್ಷಯರೋಗಿಗಳನ್ನು 'ನಿಕ್ಷಯ' ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಗುರುತಿಸುವ ಏರ್ಪಾಡು ದೇಶದಲ್ಲಿ ಉಂಟು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಂಡೇಲಾ ನಿಯಮಗಳು ಸೆರೆಮನೆಯ ವೈದ್ಯವು ಹೊರಗಿನ ಸಾರ್ವಜನಿಕ ಆರೋಗ್ಯದೊಡನೆ ಹೆಣೆದುಕೊಂಡಿರಬೇಕು, ಕ್ಷಯ ಮತ್ತು ಎಚ್‌ಐವಿಗಳ ಚಿಕಿತ್ಸೆ ತುಂಡಾಗಬಾರದು ಎಂದು ವಿಧಿಸುತ್ತವೆ. 2023ರಲ್ಲಿ ಕೇಂದ್ರವು ರಾಜ್ಯಗಳ ಮುಂದಿಟ್ಟ ಮಾದರಿ ಕಾನೂನು 1894ರದಕ್ಕೆ ಬದಲಾಗಿ ಬಂದದ್ದು.

ಹೊಸ ಕಾನೂನನ್ನು ಬರೆಯುವ ರಾಜ್ಯಗಳು ಹಳೆಯದರ 15ನೆಯ ಪ್ರಕರಣವನ್ನು ಒಮ್ಮೆ ಓದಿಕೊಂಡರೆ ಸಾಕು. ಸತ್ತವನನ್ನು ಕುರಿತು ಕೇಳಿದ ಅದೇ ಪ್ರಶ್ನೆಗಳನ್ನು ಬಿಡುಗಡೆಯಾಗುವವನನ್ನು ಕುರಿತು ಕೇಳಲು ಅಡ್ಡಿಯೇನೂ ಇಲ್ಲ: ಕಾಯಿಲೆಯನ್ನು ಮೊದಲು ಹೇಳಿಕೊಂಡ ದಿನ, ವೈದ್ಯನಿಗೆ ತಿಳಿದ ದಿನ, ಔಷಧ ಮೊದಲಾದ ದಿನ, ಉಳಿದಿರುವ ದಿನಗಳೆಷ್ಟು, ಅವುಗಳಿಗೆ ಬೇಕಾದ ಮಾತ್ರೆಗಳನ್ನು ಕೈಗೆ ಕೊಟ್ಟರೇ, ಆತನು ಹೋಗುವ ಊರಿನ ಆಸ್ಪತ್ರೆಗೆ ಅದೇ ದಿನ ಸುದ್ದಿ ಮುಟ್ಟಿಸಿದರೇ. ಜಾಮೀನಿನ ಆಜ್ಞೆ ಸಂಜೆ ಸೆರೆಮನೆಗೆ ತಲಪುತ್ತದೆ. ವೈದ್ಯಾಧಿಕಾರಿ ಅಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಾನೆ. ಆ ಹೊತ್ತಿನಲ್ಲಿ ಔಷಧದ ಪೊಟ್ಟಣವನ್ನು ಕೊಡಬೇಕಾದವರು ಯಾರೆಂಬುದನ್ನು ಕಾನೂನೇ ಹೆಸರಿಸಬೇಕು.